ಜಯಮ್ಮನವರ ಗೇಟಿಗೆ ಅಡ್ಡ ನಿಂತ ಟ್ರಾಕ್ಟರ್

ಆಯುಧಪೂಜೆಯ ದಿನ ಮಧ್ಯಾಹ್ನ ಎರಡು ಗಂಟೆಯೊಳಗೆ ನಾನು ಮುಗಿಸಿದ ಕೆಲಸಗಳು ಇವು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಮಾವಿನ ತೋರಣ ಕಟ್ಟಿದೆ. ಹೆಸರುಬೇಳೆ ನೆನೆಹಾಕಿದೆ. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲವನ್ನೂ ಒರೆಸಿ ಅರಿಶಿನ ಕುಂಕುಮ ಹಚ್ಚಿದೆ. ಮನೆಯಲ್ಲಿದ್ದ ಸ್ಪ್ಯಾನರ್, ಸ್ಕ್ರೂಡ್ರೈವರ್, ಸುತ್ತಿಗೆ, ಇಕ್ಕಳಗಳನ್ನು ದೇವರ ಮುಂದೆ ಸಾಲಾಗಿ ಜೋಡಿಸಿದೆ. ಯಜಮಾನರ ಸ್ಕೂಟರಿಗೆ ಹಾರ ಹಾಕಿದೆ. ಚಿತ್ರಾನ್ನ, ಕೋಸಂಬರಿ, ಸಜ್ಜಿಗೆ ಮಾಡಿದೆ. ಅತ್ತೆಯವರ ಕನ್ನಡಕ ಎರಡು ಸಲ ಹುಡುಕಿ ಕೊಟ್ಟೆ. ಕೊನೆಯದಾಗಿ, ಟ್ರಾಕ್ಟರ್ ತೊಳೆದೆ.

ಗಾಬರಿಯಾಗಬೇಡಿ. ಬಸವನಗುಡಿಯಲ್ಲಿ ಉಳುವುದಕ್ಕೆ ನಮಗೆ ಹೊಲವಿಲ್ಲ. ಇದು ತೋಟದ ಟ್ರಾಕ್ಟರ್. ಹುಲ್ಲು ಕತ್ತರಿಸುವ, ನಾಲ್ಕು ಚಕ್ರದ, ಕೆಂಪು ಬಣ್ಣದ ಒಂದು ಸಣ್ಣ ವಾಹನ. ದೊಡ್ಡ ಟ್ರಾಕ್ಟರಿನ ಮೊಮ್ಮಗುವಿನ ಹಾಗಿತ್ತು. ಕನಕಪುರ ರಸ್ತೆಯಲ್ಲಿ ಹೂಗಿಡಗಳ ನರ್ಸರಿ ಇಟ್ಟುಕೊಂಡಿರುವ ನನ್ನ ತಮ್ಮ ರಮೇಶ ಅದನ್ನು ವಿದೇಶದ ಯಾರೋ ಬಳಸಿ ಬಿಟ್ಟದ್ದೆಂದು ಅಗ್ಗಕ್ಕೆ ಕೊಂಡಿದ್ದ. ನಮ್ಮ ಬೀದಿಯ ಕೊನೆಯ ಪಾರ್ಕಿನಲ್ಲಿ ಆ ವರ್ಷದ ಮಳೆಗೆ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಪಾರ್ಕಿನ ಸಮಿತಿಗೆ ಕಾರ್ಯದರ್ಶಿ ನಾನು. ‘ಹಬ್ಬ ಮುಗಿದ ಮಾರನೆ ದಿನ ನಾನೇ ಸ್ವತಃ ಕತ್ತರಿಸುತ್ತೇನೆ’ ಎಂದು ಸಭೆಯಲ್ಲಿ ಎದ್ದು ನಿಂತು ಘೋಷಿಸಿದ್ದೆ. ಮಿಕ್ಸಿಯ ಬುಷ್ ಬದಲಾಯಿಸಿದವಳಿಗೆ, ಕುಕ್ಕರಿನ ವಾಲ್ವ್ ಹಾಕಿದವಳಿಗೆ, ಟ್ರಾಕ್ಟರ್ ಏನು ಮಹಾ!

ಹಿಂದಿನ ಸಂಜೆ ರಮೇಶ ಅದನ್ನು ಟೆಂಪೋದಲ್ಲಿ ತಂದು ಇಳಿಸಿದ. ಪಾರ್ಕಿನ ಗೇಟಿಗೆ ಬೀಗ. ನಮ್ಮ ಮನೆಯ ಮುಂದೆ ಸಂಪ್ ರಿಪೇರಿಯ ಮರಳು. ಹಾಗಾಗಿ ಪಕ್ಕದ ಮನೆಯ ಜಯಮ್ಮನವರ ಗೇಟಿಗೆ ಅಡ್ಡವಾಗಿ ನಿಲ್ಲಿಸಿದೆವು. ಹತ್ತು ಅಡಿ ನಾನೇ ಓಡಿಸಿದೆ. ರಮೇಶ ಏನೇನೋ ಹೇಳುತ್ತಿದ್ದ. ಕೀಲಿ ಇದು, ಬ್ರೇಕ್ ಇದು, ಎಂಜಿನ್ ಆರಿದ್ದಾಗ ತಳ್ಳಬೇಡ, ಚಕ್ರ ತಿರುಗುವುದಿಲ್ಲ, ಮತ್ತು ಇನ್ನೂ ಏನೋ ಒಂದು. ಆ ಇನ್ನೊಂದನ್ನು ಹೇಳುವಾಗ ಒಳಗೆ ಹಾಲು ಉಕ್ಕುವ ವಾಸನೆ ಬಂತು. ನಾನು ಓಡಿದೆ. ನಾನು ಬರುವಷ್ಟರಲ್ಲಿ ಅವನು ಸಂಸಾರ ಸಮೇತ ದಸರಾ ದೀಪ ನೋಡಲು ಮೈಸೂರಿಗೆ ಹೊರಟುಹೋಗಿದ್ದ.

‘ನಾಳೆ ಮಧ್ಯಾಹ್ನ ಮೂರಕ್ಕೆ ನಮ್ಮ ಕಾರು ಆಚೆ ಬರಬೇಕು ಸುಮತಿ, ನೆನಪಿರಲಿ’ ಎಂದಿದ್ದರು ಜಯಮ್ಮ.

‘ಮೂರ್ಯಾಕೆ, ಎರಡಕ್ಕೇ ತೆಗೆದಿರ್ತೀನಿ’ ಎಂದಿದ್ದೆ.

ಆ ಮೂರು ಗಂಟೆ ಎಂಥ ಮೂರು ಗಂಟೆ ಎಂಬುದನ್ನು ಹೇಳಿಬಿಡುತ್ತೇನೆ. ಜಯಮ್ಮ ಮೂವತ್ತೊಂದು ವರ್ಷದಿಂದ ನಮ್ಮ ಬಡಾವಣೆಯ ಮಕ್ಕಳಿಗೆ ವೀಣೆ ಕಲಿಸುತ್ತಿದ್ದಾರೆ. ಅವರ ಶಿಷ್ಯರು ಎಲ್ಲೆಲ್ಲೋ ನುಡಿಸಿದ್ದಾರೆ. ಆಗೆಲ್ಲ ಇವರು ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿದ್ದಾರೆ. ಇವರನ್ನೇ ವೇದಿಕೆಗೆ ಕರೆದವರು ಒಬ್ಬರೂ ಇಲ್ಲ. ಆ ವರ್ಷ ನವರಾತ್ರಿಗೆ ಮಲ್ಲೇಶ್ವರದ ಒಂದು ಭಜನಾ ಮಂದಿರದವರು ಅರ್ಧ ಗಂಟೆ ಕೊಟ್ಟಿದ್ದರು. ಮಹಾನವಮಿಯ ದಿನ, ನಾಲ್ಕರಿಂದ ನಾಲ್ಕೂವರೆ. ಎರಡು ತಿಂಗಳು ಅವರು ಕಾಂಬೋದಿ ರಾಗವನ್ನು ತಿದ್ದಿ ತಿದ್ದಿ ನುಡಿಸಿದ್ದನ್ನು ನಾವು ಗೋಡೆಯಾಚೆ ಕೇಳಿದ್ದೇವೆ. ನನ್ನ ಹುಳಿಗೂ ಕಾಂಬೋದಿಯ ವಾಸನೆ ಹತ್ತಿತ್ತು.

‘ನವಮಿ ದಿನ ವೀಣೆ ಪೂಜೇಲಿರ್ಬೇಕಲ್ವೇ ಜಯಮ್ಮ? ನುಡಿಸೋದುಂಟೇ?’ ಎಂದು ನಮ್ಮ ಅತ್ತೆ ಬೆಳಿಗ್ಗೆಯೇ ಕಾಂಪೌಂಡಿನ ಮೇಲಿಂದ ಆಕ್ಷೇಪ ಎತ್ತಿದ್ದರು.

‘ದೇವಿ ಮುಂದೆ ನುಡಿಸ್ತೀನಲ್ಲ, ಅದೇ ಪೂಜೆ’ ಎಂದು ಜಯಮ್ಮ ತೀರ್ಪು ಕೊಟ್ಟು ಒಳಗೆ ಹೋದರು.

ನನಗೆ ಅಷ್ಟು ಧೈರ್ಯವಿಲ್ಲ. ನಾನು ಶಾಸ್ತ್ರದವಳು. ಟ್ರಾಕ್ಟರಿಗೆ ಪೈಪಿನಲ್ಲಿ ನೀರು ಬಿಟ್ಟು ಮೂಲೆಮೂಲೆ ತೊಳೆದೆ. ಅದರ ಹಣೆಗೆ ವಿಭೂತಿ ಪಟ್ಟೆ ಬಳಿದೆ. ಗಾಂಧಿಬಜಾರಿನಿಂದ ತಂದ ಸೇವಂತಿಗೆ ಹಾರವನ್ನು ಸ್ಟೇರಿಂಗಿಗೆ ಸುತ್ತಿದೆ. ಎರಡೂ ಕಡೆ ಬಾಳೆಕಂದು ಕಟ್ಟಿದೆ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಸೀಟಿನ ಮೇಲೆ ರೇಷ್ಮೆ ಕಣ ಹಾಸಿ ಚಾಮುಂಡೇಶ್ವರಿಯ ಪಟ ಕೂರಿಸಿದೆ. ಮಂಗಳಾರತಿಯಾಯಿತು. ಇನ್ನು ಗಾಡಿ ಚಾಲೂ ಮಾಡಿ ನಿಂಬೆಹಣ್ಣು ತುಳಿಸಿದರೆ ಮುಗಿಯಿತು. ಹಾಗೇ ಜಯಮ್ಮನವರ ಗೇಟೂ ಖಾಲಿ.

ದೇವಿ ಕೂತಿರುವ ಸೀಟಿನ ಮೇಲೆ ನಾನು ಕೂರುವುದುಂಟೇ? ಭಕ್ತಿಯಿಂದ ಪಕ್ಕದಲ್ಲಿ ನಿಂತೆ. ಎಡಗಾಲು ಚಾಚಿ ಬ್ರೇಕ್ ಅದುಮಿದೆ. ಕೀಲಿ ತಿರುಗಿಸಿದೆ.

ಏನೂ ಆಗಲಿಲ್ಲ.

ಮತ್ತೆ ತಿರುಗಿಸಿದೆ. ದೇವಿ ಪಟದಲ್ಲಿ ನಗುತ್ತಿದ್ದಳು. ಟ್ರಾಕ್ಟರ್ ಉಸಿರೆತ್ತಲಿಲ್ಲ. ಗಂಟೆ ಎರಡೂ ಹತ್ತು.

‘ಇನ್ನೊಂಚೂರು ಗಟ್ಟಿಯಾಗಿ ತಿರುಗಿಸು’ ಎಂದರು ಯಜಮಾನರು, ಮೆಟ್ಟಿಲ ಮೇಲೆ ಕೂತು ಕೋಸಂಬರಿ ತಿನ್ನುತ್ತಾ. ಅವರು ಕಾಲೇಜಿನಲ್ಲಿ ಗಣಿತ ಹೇಳುವವರು. ಯಾವ ಸಮಸ್ಯೆಯನ್ನೂ ದೂರದಿಂದ ನೋಡಿಯೇ ಬಿಡಿಸುವ ಅಭ್ಯಾಸ.

‘ಗಟ್ಟಿಯಾಗಿ ತಿರುಗಿಸಿದ್ರೆ ಕೀಲಿ ಮುರಿಯತ್ತೆ.’

‘ಹಾಗಾದ್ರೆ ಮೆಲ್ಲಗೆ ತಿರುಗಿಸು.’

ಮೈಸೂರಿನಲ್ಲಿದ್ದ ರಮೇಶನ ಮೊಬೈಲಿಗೆ ಫೋನ್ ಮಾಡಿದೆ. ಅವನು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾನೆ ಎಂದು ಒಬ್ಬ ಹೆಂಗಸು ತುಂಬ ಮರ್ಯಾದೆಯಿಂದ ತಿಳಿಸಿದಳು. ಆರು ಸಲ ಮಾಡಿದೆ. ಆರೂ ಸಲ ಅವಳ ಮರ್ಯಾದೆ ಕಡಿಮೆಯಾಗಲಿಲ್ಲ.

ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿದೆ. ಬಗ್ಗಿದಾಗ ಹಾರ ಅಲುಗಿತು. ಸೇವಂತಿಗೆಯ ಎಸಳುಗಳು ಸಾಲಾಗಿ ಟ್ಯಾಂಕಿನೊಳಗೆ ಉದುರಿದವು. ಪೆಟ್ರೋಲ್ ಧಾರಾಳವಾಗಿತ್ತು. ಎಸಳುಗಳು ಅದರ ಮೇಲೆ ದೇವಸ್ಥಾನದ ಕೊಳದಲ್ಲಿ ತೇಲುವಂತೆ ತೇಲಿದವು. ಈಗ ತೆಗೆಯುವುದು ಹೇಗೆ? ಇಕ್ಕಳ ತರಲು ಒಳಗೆ ಓಡಿದೆ.

‘ಮುಟ್ಟಬೇಡ!’ ಅತ್ತೆ ದೇವರ ಮನೆಯ ಬಾಗಿಲಿಗೆ ಅಡ್ಡ ನಿಂತರು. ‘ಪೂಜೆಗಿಟ್ಟ ಆಯುಧ. ನಾಳೆ ಮರುಪೂಜೆ ಆಗೋವರ್ಗೂ ಒಂದನ್ನೂ ಎತ್ತೋ ಹಾಗಿಲ್ಲ.’

ಇದನ್ನು ನಾನು ಯೋಚಿಸಿರಲಿಲ್ಲ. ರಿಪೇರಿಗೆ ಬೇಕಾದ ಸಕಲ ಉಪಕರಣಗಳನ್ನೂ ನಾನೇ ಕೈಯಾರೆ ಕುಂಕುಮವಿಟ್ಟು ನಿವೃತ್ತಿಗೊಳಿಸಿದ್ದೆ! ನಮ್ಮದಷ್ಟೇ ಅಲ್ಲ, ಆ ದಿನ ಬೀದಿಯ ಯಾವ ಮನೆಯಲ್ಲೂ ಒಂದು ಸ್ಕ್ರೂಡ್ರೈವರ್ ಕೆಲಸಕ್ಕೆ ಲಭ್ಯವಿರಲಿಲ್ಲ. ಎಲ್ಲವೂ ಹೂ ಮುಡಿದು ಕೂತಿದ್ದವು. ಕೊನೆಗೆ ಅತ್ತೆ ಅತ್ತ ತಿರುಗಿದಾಗ ಪಂಚಪಾತ್ರೆಯ ಪಕ್ಕದಲ್ಲಿದ್ದ ಬೆಳ್ಳಿ ಉದ್ಧರಣೆಯನ್ನು ಎತ್ತಿಕೊಂಡು ಬಂದೆ. ಅದು ಆಯುಧವಲ್ಲವಲ್ಲ. ಒಂದೊಂದೇ ಎಸಳನ್ನು ಹೊರಗೆ ತೆಗೆದೆ. ಏಳನೇ ಎಸಳಿಗೆ ಅತ್ತೆ ಹೊರಗೆ ಬಂದರು.

‘ಅಯ್ಯೋ! ತೀರ್ಥ ಕೊಡೋ ಉದ್ಧರಣೆ ಕಣೇ ಅದು!’

‘ತೊಳೆದು ಇಡ್ತೀನಿ ಅತ್ತೆ.’

‘ನಾಳೆಯಿಂದ ತೀರ್ಥ ತಗೊಂಡ್ರೆ ಸೀದಾ ಹೊಗೆ ಬರತ್ತೆ’ ಎಂದರು ಯಜಮಾನರು.

ಗಂಟೆ ಎರಡೂವರೆ. ಜಯಮ್ಮನವರ ಯಜಮಾನರು ಶೇಷಾದ್ರಿಗಳು ಬಿಳಿ ಪಂಚೆ ಉಟ್ಟು ಕಾರಿನ ಕೀಲಿ ಹಿಡಿದು ಗೇಟಿನೊಳಗೆ ಬಂದು ನಿಂತರು. ತುಂಬ ಮೃದು ಮನುಷ್ಯ. ‘ಏನೂ ಅರ್ಜೆಂಟಿಲ್ಲ’ ಎಂದರು. ಗಡಿಯಾರ ನೋಡಿಕೊಂಡರು. ‘ಏನೂ ಅರ್ಜೆಂಟಿಲ್ಲ’ ಎಂದು ಮತ್ತೆ ಹೇಳಿದರು.

ತೊಳೆದ ನೀರು ಎಂಜಿನ್ನಿಗೆ ಹೋಗಿರಬೇಕು! ಥಟ್ಟನೆ ಹೊಳೆಯಿತು. ಒಣಗಿಸಬೇಕು. ನನ್ನ ತಲೆಕೂದಲು ಒಣಗಿಸಲು ನಾನು ಏನು ಮಾಡುತ್ತೇನೆ? ಸಾಂಬ್ರಾಣಿ ಹೊಗೆ. ಧೂಪಾರತಿಯಲ್ಲಿ ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ತಂದು ಟ್ರಾಕ್ಟರಿನ ಹೊಟ್ಟೆಯ ಕೆಳಗಿಟ್ಟು, ಮೇಲೆ ಸಾಂಬ್ರಾಣಿ ಹಾಕಿ, ಬೀಸಣಿಗೆಯಿಂದ ಬೀಸಿದೆ.

ನಮ್ಮ ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಯಜಮಾನರು ಅಷ್ಟು ವೇಗವಾಗಿ ಎದ್ದದ್ದನ್ನು ನಾನು ನೋಡಿರಲಿಲ್ಲ. ಕೋಸಂಬರಿ ಒಂದು ಕಡೆ, ತಟ್ಟೆ ಒಂದು ಕಡೆ.

‘ಟ್ಯಾಂಕಿನ ಮುಚ್ಚಳ ತೆಗೆದಿದೆಯಲ್ಲೇ! ಬೀದಿ ಸಮೇತ ಹಾರಿಸ್ತೀಯಾ?’

ಧೂಪಾರತಿಯನ್ನು ಎಳೆದು ಮರಳಿನ ಗುಡ್ಡೆಗೆ ಎಸೆದರು. ಶೇಷಾದ್ರಿಗಳು ಎರಡು ಹೆಜ್ಜೆ ಹಿಂದೆ ಸರಿದು ‘ಏನೂ ಅರ್ಜೆಂಟಿಲ್ಲ’ ಎಂದರು. ಮುಚ್ಚಳ ಮುಚ್ಚಿ, ದೇವಿಗೆ ಕೈಮುಗಿದು, ಮತ್ತೆ ಕೀಲಿ ತಿರುಗಿಸಿದೆ. ಏನೂ ಇಲ್ಲ.

ಇನ್ನು ತಜ್ಞರೇ ಗತಿ. ಬೀದಿ ಮೂಲೆಯ ಸ್ಕೂಟರ್ ಗ್ಯಾರೇಜಿನ ನಂಜುಂಡನನ್ನು ಯಜಮಾನರು ಕರೆತಂದರು. ಹೊಸ ಷರಟು, ಹಣೆಯಲ್ಲಿ ಗಂಧ, ಬರಿಗೈ. ಅವನ ಸ್ಪ್ಯಾನರುಗಳೂ ಪೂಜೆಯಲ್ಲಿದ್ದವು. ದೊಡ್ಡ ಡಾಕ್ಟರ ಹಾಗೆ ಎರಡೂ ಕೈ ಹಿಂದೆ ಕಟ್ಟಿ ಟ್ರಾಕ್ಟರಿನ ಸುತ್ತ ಪ್ರದಕ್ಷಿಣೆ ಬಂದ.

‘ಕಿಕ್ಕರ್ ಎಲ್ಲಿ ಅಕ್ಕಾ?’

‘ಇದಕ್ಕೆ ಕಿಕ್ಕರ್ ಇಲ್ಲ ನಂಜುಂಡ.’

‘ಕಿಕ್ಕರ್ ಇಲ್ದಿದ್ರೆ ಹೆಂಗಕ್ಕಾ ಗಾಡಿ ಅಂತಾರೆ?’ ಲೈಟಿನ ಸ್ವಿಚ್ ಒತ್ತಿದ. ಹತ್ತಿತು. ‘ಬ್ಯಾಟ್ರಿ ಫಸ್ಟ್ ಕ್ಲಾಸ್. ಪೆಟ್ರೋಲ್ ಐತೆ. ಎಲ್ಲಾ ಸರಿ ಐತೆ. ಸ್ಟಾರ್ಟ್ ಆಗ್ತಿಲ್ಲ ಅಷ್ಟೆ.’

‘ಅದು ನಮಗೂ ಗೊತ್ತಪ್ಪ.’

‘ನಾಳೆ ಬಿಚ್ಚಿ ನೋಡ್ಬೇಕು. ಇವತ್ತು ಬಿಚ್ಚಂಗಿಲ್ಲ. ತಳ್ಳಿ ಪಕ್ಕಕ್ಕಿಡಾಣ ಬನ್ನಿ.’

ತಳ್ಳಬಾರದೆಂದು ರಮೇಶ ಹೇಳಿದ್ದು ನೆನಪಿತ್ತು. ಆದರೆ ಗಂಟೆ ಮೂರು ಹೊಡೆದಿತ್ತು. ನಂಜುಂಡ, ಯಜಮಾನರು, ಶೇಷಾದ್ರಿಗಳು, ನಾನು, ನಾಲ್ಕು ಜನ ಸೆರಗು ಪಂಚೆ ಬಿಗಿದು ತಳ್ಳಿದೆವು. ಚಕ್ರ ತಿರುಗಲಿಲ್ಲ. ಟ್ರಾಕ್ಟರ್ ಬೀದಿಗೆ ಬೇರು ಬಿಟ್ಟಿತ್ತು. ‘ಐಸಾ!’ ಎಂದ ನಂಜುಂಡ. ನಾಲ್ಕು ಬೆರಳು ಸರಿಯಿತು. ಆ ನಾಲ್ಕು ಬೆರಳಿಗೆ ಹಿಂದಿನ ಚಕ್ರದ ನಿಂಬೆಹಣ್ಣು ಫಳಕ್ಕೆಂದು ಸಿಡಿದು ಶೇಷಾದ್ರಿಗಳ ಬಿಳಿ ಪಂಚೆಗೂ ಯಜಮಾನರ ಕಣ್ಣಿಗೂ ಸಮನಾಗಿ ಹಂಚಿಕೆಯಾಯಿತು.

‘ಒಂದು ಶಾಸ್ತ್ರ ಆಯ್ತು’ ಎಂದರು ಅತ್ತೆ ಸಮಾಧಾನದಿಂದ.

ಒಂದು ಕಣ್ಣು ಮುಚ್ಚಿಕೊಂಡೇ ಯಜಮಾನರು ಆಟೋ ತರಲು ಸ್ಕೂಟರಿನಲ್ಲಿ ಹೋದರು. ವೀಣೆಯನ್ನು ಸ್ಕೂಟರಿನಲ್ಲಿ ಒಯ್ಯಲಾಗದು, ಹಬ್ಬದ ಬಸ್ಸಿನಲ್ಲಂತೂ ಆಗದು. ಕಾಲು ಗಂಟೆಗೆ ವಾಪಸು ಬಂದರು. ಹಿಂದೆ ಆಟೋ ಇರಲಿಲ್ಲ. ಕೈಯಲ್ಲಿ ಕಡಲೆಪುರಿ ಪೊಟ್ಟಣವಿತ್ತು.

‘ಸ್ಟ್ಯಾಂಡಿನಲ್ಲಿ ಹದಿನಾಲ್ಕು ಆಟೋ ಇವೆ. ಹದಿನಾಲ್ಕಕ್ಕೂ ಬಾಳೆಕಂದು ಕಟ್ಟಿ, ಮೈಕ್ ಹಾಕಿ ಪೂಜೆ ಮಾಡ್ತಿದಾರೆ. ಸಂಜೆವರ್ಗೂ ಬಾಡಿಗೆ ಇಲ್ವಂತೆ. ಕರೆದು ಕೂರಿಸಿ ಪ್ರಸಾದ ಕೊಟ್ರು.’

‘ಕೂತು ತಿಂದ್ರಾ?’

‘ಬೇಡ ಅನ್ನೋಕಾಗತ್ತಾ? ಹಬ್ಬ.’

ಆಗ ಜಯಮ್ಮ ಹೊರಗೆ ಬಂದರು. ಹಸಿರು ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಹಿಂದೆಯೇ ಶೇಷಾದ್ರಿಗಳು ಗವಸು ಹಾಕಿದ ವೀಣೆಯನ್ನು ಮಗುವಿನಂತೆ ಎತ್ತಿಕೊಂಡು ತಂದರು. ಜಯಮ್ಮ ಬೈದಿದ್ದರೆ ನನಗೆ ಸುಖವಾಗುತ್ತಿತ್ತು. ಬೈಯಲಿಲ್ಲ. ಗೇಟು ದಾಟಿ, ಟ್ರಾಕ್ಟರಿನ ಪಕ್ಕದ ಸಂದಿನಲ್ಲಿ ನುಸುಳಿ ಬೀದಿಗೆ ಬಂದರು. ಅವರಿಗೆ ಮಂಡಿ ನೋವು. ಹೆಚ್ಚು ಹೊತ್ತು ನಿಲ್ಲಲಾರರು.

‘ಎಷ್ಟು ಗಂಟೆ ಸುಮತಿ?’

‘ಮೂರೂ ಇಪ್ಪತ್ತು.’ ‘ಜಯಮ್ಮನೋರೇ, ನಾನು...’

‘ನಾಲ್ಕಕ್ಕೆ ಇಲ್ದಿದ್ರೆ ಮುಂದಿನ ಭಜನೆಯವರನ್ನ ಕೂರಿಸ್ಬಿಡ್ತಾರಂತೆ.’ ಸುತ್ತ ನೋಡಿದರು. ಮರಳಿನ ಗುಡ್ಡೆ ಬಿಟ್ಟರೆ ಕೂರಲು ಏನೂ ಇರಲಿಲ್ಲ. ‘ಸ್ವಲ್ಪ ಸರಿಯಮ್ಮ ತಾಯಿ’ ಎಂದರು. ನನಗಲ್ಲ, ಚಾಮುಂಡೇಶ್ವರಿಗೆ. ಪಟವನ್ನು ಕಣ್ಣಿಗೊತ್ತಿಕೊಂಡು ನಮ್ಮ ಅತ್ತೆಯ ಕೈಗೆ ಕೊಟ್ಟು, ಟ್ರಾಕ್ಟರಿನ ಸೀಟಿನ ಮೇಲೆ ಉಸ್ಸೆಂದು ಕೂತುಬಿಟ್ಟರು.

ಅತ್ತೆ ಬಾಯಿ ತೆರೆದರು. ನನಗೆ ಏನು ಮಾಡಲೂ ತೋಚದೆ, ಕೈಗೆ ಅದೇ ಅಭ್ಯಾಸವಾಗಿ, ಬ್ರೇಕ್ ಅದುಮಿ ನಲವತ್ತೊಂದನೇ ಸಲ ಕೀಲಿ ತಿರುಗಿಸಿದೆ.

ಘರ್‌ರ್‌ರ್‌ರ್!

ಟ್ರಾಕ್ಟರ್ ಮೈಕೊಡವಿ ಎದ್ದಿತು! ಬಾಳೆಕಂದು ಕುಣಿಯಿತು. ನಂಜುಂಡ ಶಿಳ್ಳೆ ಹೊಡೆದ. ಜಯಮ್ಮ ‘ಅಯ್ಯಮ್ಮಾ!’ ಎಂದು ಹಾರಿ ಕೆಳಗಿಳಿದರು. ಟ್ರಾಕ್ಟರ್ ಸತ್ತಿತು.

ಕೀಲಿ ತಿರುಗಿಸಿದೆ. ಇಲ್ಲ. ‘ಇನ್ನೊಂದ್ಸಲ ಕೂತ್ಕೊಳ್ಳಿ’ ಎಂದರು ಯಜಮಾನರು, ಒಂಟಿ ಕಣ್ಣು ಅರಳಿಸಿ. ಕೂತರು. ಘರ್‌ರ್! ಎದ್ದರು. ನಿಶ್ಶಬ್ದ. ಮತ್ತೊಮ್ಮೆ ಕೂತರು. ಘರ್‌ರ್!

‘ನೋಡಿ, ಇದು ತೂಕದ್ದು. ಸೀಟಿನಡಿ ಸ್ವಿಚ್ ಇರ್ಬೇಕು, ಯಾರಾದ್ರೂ ಕೂತ್ರೆ ಮಾತ್ರ...’ ಎಂದು ಯಜಮಾನರು ಶುರು ಮಾಡಿದರು.

‘ಸುಮ್ನಿರೋ!’ ಎಂದರು ಅತ್ತೆ. ‘ಅವರು ವೀಣೆ ವಿದ್ವಾಂಸರು. ತಾಯಿ ತನ್ನ ಜಾಗ ಅವರಿಗೆ ಬಿಟ್ಟುಕೊಟ್ಟಿದಾಳೆ. ಅವರೇ ಓಡಿಸ್ಲಿ. ಬೇರೆ ಯಾರೂ ಕೂರಕೂಡದು.’

ವಾದಿಸುವುದಕ್ಕೆ ಸಮಯವಿರಲಿಲ್ಲ. ಅರವತ್ತರ ಹತ್ತಿರದ, ಮಂಡಿ ನೋವಿನ, ರೇಷ್ಮೆ ಸೀರೆಯ ಜಯಮ್ಮನವರಿಗೆ ನಾನು ಪಕ್ಕದಲ್ಲಿ ನಿಂತು ಚಾಲನೆಯ ಶಿಕ್ಷಣ ಕೊಟ್ಟೆ. ‘ಬಲಗಾಲಿನ ಪೆಡಲು ಮೆಲ್ಲಗೆ, ಮೆಲ್ಲಗೆ...’ ಉಳಿದ ಮೂರು ನಿಂಬೆಹಣ್ಣು ಚಟಚಟ ಎಂದವು. ಟ್ರಾಕ್ಟರ್ ಹೊರಟಿತು. ನಾನು ಪಕ್ಕದಲ್ಲಿ ಓಡಿದೆ. ಗೇಟು ಖಾಲಿಯಾಯಿತು. ಟ್ರಾಕ್ಟರ್ ಮಾತ್ರ ನಿಲ್ಲಲಿಲ್ಲ.

‘ನಿಲ್ಸೋದು ಹೇಗೆ ಸುಮತೀ?’

‘ಎಡಗಾಲು! ಎಡಗಾಲು!’

‘ಸೀರೆಯೊಳಗೆ ಎಲ್ಲಿದೆಯೋ ಕಾಣ್ತಿಲ್ಲ!’

ಮುಂದೆ ನಮ್ಮದೇ ಮನೆಯ ಗೇಟು, ಮರಳಿನ ಗುಡ್ಡೆ. ನಾನು ಕಣ್ಣು ಮುಚ್ಚಿದೆ. ಜಯಮ್ಮ ಎದ್ದು ನಿಂತರು. ಅಷ್ಟೇ. ಟ್ರಾಕ್ಟರ್ ವಿಧೇಯ ವಿದ್ಯಾರ್ಥಿಯ ಹಾಗೆ ನಿಂತಿತು. ನಮ್ಮ ಗೇಟಿಗೆ ಅಡ್ಡವಾಗಿ.

ಗಂಟೆ ಮೂರೂ ಮೂವತ್ತೈದು. ಕಾರು ಹೊರಬಂತು. ವೀಣೆಯ ಕುತ್ತಿಗೆ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಹಿಂದಿನ ಸೀಟಿಗೆ ನಾನೇ ನುಗ್ಗಿದೆ. ಹಣೆಯಲ್ಲಿ ಗ್ರೀಸು, ಸೀರೆಯಲ್ಲಿ ಪೆಟ್ರೋಲು, ಕಾಲಿಗೆ ಚಪ್ಪಲಿಯಿಲ್ಲ. ಶೇಷಾದ್ರಿಗಳ ಕಾರು ಗಂಟೆಗೆ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ಹೋದದ್ದನ್ನು ಕಂಡವರಿಲ್ಲ. ಆ ದಿನ ಇಪ್ಪತ್ತೆರಡು ಹೋಯಿತು. ಚಾಮರಾಜಪೇಟೆ ದಾಟುವಾಗ ರಸ್ತೆ ತುಂಬ ಒಡೆದ ಬೂದುಗುಂಬಳ. ಪ್ರತಿಯೊಂದಕ್ಕೂ ಅವರು ಬ್ರೇಕ್ ಹಾಕಿ, ಕೈಮುಗಿದು, ಸುತ್ತು ಹಾಕಿ ಹೋದರು. ನಾನು ಮನಸ್ಸಿನಲ್ಲೇ ಬೂದುಗುಂಬಳ ಎಣಿಸಿದೆ. ಹತ್ತೊಂಬತ್ತು. ಜಯಮ್ಮ ಮುಂದೆ ಕೂತು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದರು.

ಮಂದಿರ ಮುಟ್ಟಿದಾಗ ನಾಲ್ಕೂ ಹತ್ತು. ಬಾಗಿಲಲ್ಲಿ ಕೈಗಡಿಯಾರ ನೋಡುತ್ತ ವ್ಯವಸ್ಥಾಪಕರು ನಿಂತಿದ್ದರು. ಭಜನೆಯವರು ಆಗಲೇ ವೇದಿಕೆಯ ಪಕ್ಕ ತಾಳ ಹಿಡಿದು ಕೂತಿದ್ದರು.

‘ನಾಲ್ಕೂವರೆಗೆ ಎದ್ಬಿಡ್ಬೇಕು ಅಮ್ಮಾ.’

‘ಎದ್ಬಿಡ್ತೀನಿ’ ಎಂದರು ಜಯಮ್ಮ.

ಶ್ರುತಿ ಮಾಡಿಕೊಳ್ಳಲು ಐದು ನಿಮಿಷ ಹೋಯಿತು. ಉಳಿದದ್ದು ಹದಿನೈದು. ಕಾಂಬೋದಿಗೆ ಜಾಗವಿರಲಿಲ್ಲ. ಮೂರು ಚಿಕ್ಕ ಕೃತಿಗಳನ್ನು ನುಡಿಸಿದರು. ಮೊದಲ ಕೃತಿಯಲ್ಲಿ ಅವರ ಎಡಗೈ ನಡುಗುತ್ತಿತ್ತು. ಹೆದರಿಕೆಯಲ್ಲ, ಅದು ಟ್ರಾಕ್ಟರಿನ ಅದುರು, ನನಗೆ ಗೊತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ‘ಆಹಾ, ಏನು ಗಮಕ!’ ಎಂದು ತಲೆದೂಗಿದರು. ಎರಡನೆಯದರಲ್ಲಿ ಆ ಅದುರು ನಿಂತಿತು. ಮೂರನೆಯದರಲ್ಲಿ ಜಯಮ್ಮ ಕಣ್ಣು ಮುಚ್ಚಿದರು, ಮತ್ತೆ ಮಂದಿರದಲ್ಲಿ ಯಾರೂ ಗಡಿಯಾರ ನೋಡಲಿಲ್ಲ. ನಾನು ಮುಂದಿನ ಸಾಲಿನಲ್ಲಿ ಕೂತು, ಗ್ರೀಸಿನ ಕೈಯಿಂದ ತೊಡೆಯ ಮೇಲೆ ತಾಳ ಹಾಕಿದೆ. ಕಣ್ಣಲ್ಲಿ ನೀರು. ನಾಲ್ಕೂವರೆಗೆ ಸರಿಯಾಗಿ ಅವರು ಎದ್ದರು.

ಕಾರಿನಲ್ಲಿ ವಾಪಸು ಹೊರಟೆವು.

‘ಕಾಂಬೋದಿ ಹಾಗೇ ಉಳೀತು’ ಎಂದರು ಜಯಮ್ಮ, ಕಿಟಕಿಯಾಚೆ ನೋಡುತ್ತಾ.

‘ನಿಮ್ಮ ಕಚೇರೀನ ನಾನು ಹಾಳು ಮಾಡ್ಬಿಟ್ಟೆ ಜಯಮ್ಮನೋರೇ.’

‘ಹಾಳಾಗ್ಲಿಲ್ಲ. ಚಿಕ್ಕದಾಯ್ತು ಅಷ್ಟೆ.’ ನನ್ನ ಕಡೆ ತಿರುಗಿ, ‘ಹಾಳಾಗಿದ್ದು ನಿಮ್ಮ ತಾಳ. ಅದು ಯಾವ ತಾಳ ಅಂತ ಮೂರು ಕೃತಿ ಮುಗಿದ್ರೂ ನಂಗೆ ಗೊತ್ತಾಗ್ಲಿಲ್ಲ. ಮುಂದಿನ ಸಲ ಕೈ ಕಟ್ಕೊಂಡು ಕೂತ್ಕೊಳ್ಳಿ’ ಎಂದರು. ಶೇಷಾದ್ರಿಗಳು ನಕ್ಕುಬಿಟ್ಟರು. ಆ ನಗುವಿನಲ್ಲಿ ಕಾರು ಇಪ್ಪತ್ತೈದು ಮುಟ್ಟಿತು.

ಏಳು ಗಂಟೆಗೆ ರಮೇಶ ತಾನಾಗಿ ಫೋನ್ ಮಾಡಿದ. ಆರು ಸಲ ಯಾಕೆ ಮಾಡಿದ್ದೆ ಎಂದ. ಇಡೀ ವೃತ್ತಾಂತವನ್ನು ಸಾವಧಾನವಾಗಿ ವಿವರಿಸಿದೆ: ಪೆಟ್ರೋಲಿನ ಪರೀಕ್ಷೆ, ಎಂಜಿನ್ನಿನ ಶುಷ್ಕೀಕರಣ, ತಜ್ಞರ ಅಭಿಪ್ರಾಯ, ದೈವಾನುಗ್ರಹ. ಅವನು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

‘ಅಕ್ಕಾ, ಸೀಟಿನ ಮೇಲೆ ಕೂತ್ಕೊಂಡು ತಿರುಗಿಸಿದ್ಯಾ?’

ಲೈನ್ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಫೋನ್ ಇಟ್ಟೆ.

ರಾತ್ರಿಗೆ ಮಧ್ಯಾಹ್ನದ ಚಿತ್ರಾನ್ನವನ್ನೇ ಬಿಸಿ ಮಾಡಿದೆ. ಸಜ್ಜಿಗೆಯೂ ಮಜ್ಜಿಗೆಯೂ ಇತ್ತು. ಯಜಮಾನರು ಒಂದೂವರೆ ಕಣ್ಣಿನಲ್ಲಿ ಊಟ ಮಾಡಿದರು. ಅತ್ತೆಗೆ ಉಪವಾಸ, ಬಾಳೆಹಣ್ಣು ಹಾಲು. ಪಾತ್ರೆ ತೊಳೆಯುವಷ್ಟರಲ್ಲಿ ಪಕ್ಕದ ಮನೆಯಿಂದ ವೀಣೆ ಕೇಳಿಸಿತು. ಕಾಂಬೋದಿ! ಜಯಮ್ಮ ಮನೆಯಲ್ಲೇ ಪೂರ್ತಿ ನುಡಿಸಲು ಕೂತಿದ್ದರು. ಎರಡು ತಿಂಗಳ ತಯಾರಿ, ಕೇಳಲು ಶೇಷಾದ್ರಿಗಳು ಒಬ್ಬರೇ. ಕನಿಷ್ಠ ನಾನಾದರೂ ಮೊದಲಿಂದ ಕೊನೆಯವರೆಗೆ ಕೇಳಬೇಕು, ನನ್ನ ತಪ್ಪಿಗೆ ಅದೇ ಪ್ರಾಯಶ್ಚಿತ್ತ ಎಂದು ದೃಢಸಂಕಲ್ಪ ಮಾಡಿ, ಕಾಂಪೌಂಡಿನ ಕಡೆಯ ಕಿಟಕಿ ತೆರೆದು, ಕೈ ಕಟ್ಟಿಕೊಂಡು, ಗೋಡೆಗೊರಗಿ ಕೂತೆ.

ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ ಅಂತೆ. ಆಲಾಪನೆಯೇ ಇನ್ನೂ ಮುಗಿದಿರಲಿಲ್ಲವಂತೆ. ಯಜಮಾನರು ಹೇಳಿದ್ದರೆ ನಂಬುತ್ತಿರಲಿಲ್ಲ. ಆದರೆ ಬೆಳಿಗ್ಗೆ ಹೇಳಿದವರು ಜಯಮ್ಮ. ಗೊರಕೆ ಗೋಡೆಯಾಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತಂತೆ. ತಾಳ ಮಾತ್ರ ಈ ಸಲ ಸರಿಯಾಗಿತ್ತಂತೆ!